ಫೋಟೊ ತೆಗೆಯಲು ಹೊರಟಾಗ ಫ್ಲಾಸ್ಕಿನಲ್ಲಿ ಏನಿರಲಿ? ಕಾಫಿ, ಟೀ, ಮಜ್ಜಿಗೆ, ಕಷಾಯ ಕುಡಿದು ನೋಡಿದ ಲೆಕ್ಕ

ನಮ್ಮ ಫೋಟೊ ಗೆಳೆಯರ ಗುಂಪಿನಲ್ಲಿ ಕ್ಯಾನನ್ ಮೇಲೋ ನಿಕಾನ್ ಮೇಲೋ ಅನ್ನುವ ಜಗಳ ಯಾವತ್ತೋ ನಿಂತುಹೋಗಿದೆ. ಈಗ ಉಳಿದಿರುವುದು ಕಾಫಿ ಪಕ್ಷ ಮತ್ತು ಟೀ ಪಕ್ಷ. ಮಜ್ಜಿಗೆ ಬಾಟಲಿ ಹಿಡಿದು ಓಡಾಡುವ ಪಕ್ಷೇತರರೂ ಒಂದಿಬ್ಬರು ಇದ್ದಾರೆ. ನಾನು ಹುಟ್ಟಾ ಕಾಫಿ ಪಕ್ಷದವನು. ಆದರೂ ಎಲ್ಲವನ್ನೂ ಹೊತ್ತುಕೊಂಡು ಹೋಗಿ ಕುಡಿದು ನೋಡಿದ ಮೇಲೆ ಹೇಳುತ್ತಿದ್ದೇನೆ, ಕ್ಯಾಮೆರಾ ಕೈಯಲ್ಲಿರುವಾಗ ಕಾಫಿಯಷ್ಟು ಕಾಟ ಕೊಡುವ ಪಾನೀಯ ಇನ್ನೊಂದಿಲ್ಲ.

ರುಚಿಯ ವಾದ ಇಲ್ಲಿ ಬೇಡ, ಅದು ಮುಗಿಯುವಂಥದ್ದಲ್ಲ. ಕೈ ನಡುಗುತ್ತದಾ, ಬೇಗ ಮೂತ್ರಕ್ಕೆ ಎಬ್ಬಿಸುತ್ತದಾ, ಫ್ಲಾಸ್ಕಿನಲ್ಲಿ ಎಷ್ಟು ಹೊತ್ತು ತಡೆಯುತ್ತದೆ, ಲೆನ್ಸ್ ಮೇಲೆ ಚೆಲ್ಲಿದರೆ ಏನು ಗತಿ. ನಾನು ನೋಡಿದ್ದು ಇಷ್ಟೇ.

ಮೊದಲು ನಂದಿಬೆಟ್ಟ. 1478 ಮೀಟರ್ ಎತ್ತರ, ಮಂಜು, ಗಾಳಿ. ಸೂರ್ಯೋದಯಕ್ಕೆ ಹೋದವರು ಟ್ರೈಪಾಡ್ ನಿಲ್ಲಿಸಿದ ಕೂಡಲೇ ಮಾಡುವ ಕೆಲಸ ಫ್ಲಾಸ್ಕ್ ಬಿಚ್ಚುವುದು. ಕ್ಯಾಮೆರಾ ಟ್ರೈಪಾಡ್ ಮೇಲೆ ಕೂತಿರುತ್ತದೆ, ಕೈ ಸ್ವಲ್ಪ ನಡುಗಿದರೂ ನಡೆಯುತ್ತದೆ. ಹಾಗಾಗಿ ಇಲ್ಲಿ ಕಾಫಿಗೆ ಮಾಫಿ. ತೊಂದರೆ ಇರುವುದು ಹಾಲಿನದು. ಮನೆಯಲ್ಲಿ ಮೂರು ಗಂಟೆಗೆ ಬೆರೆಸಿ ತುಂಬಿದ ಕಾಫಿ ಆರು ಗಂಟೆಗೆ ಕಾಫಿಯಾಗಿ ಉಳಿದಿರುವುದಿಲ್ಲ. ಮುಚ್ಚಳ ತಿರುಗಿಸಿದರೆ ಬಾಯಿಯ ಸುತ್ತ ಕಂದು ಕೆನೆ ಅಂಟಿಕೊಂಡಿರುತ್ತದೆ. ಮೊದಲು ಮೂಗಿಗೆ ಬಡಿಯುವುದು ರಬ್ಬರ್ ವಾಷರಿನ ವಾಸನೆ, ಆಮೇಲೆ ಡಿಕಾಕ್ಷನ್ ಘಮ. ಡಿಕಾಕ್ಷನ್ ಒಂದು ಚಿಕ್ಕ ಬಾಟಲಿಯಲ್ಲಿ, ಕುದಿಯುವ ಹಾಲು ಫ್ಲಾಸ್ಕಿನಲ್ಲಿ, ಸಕ್ಕರೆ ಪೊಟ್ಟಣದಲ್ಲಿ ಒಯ್ದು ಅಲ್ಲೇ ಬೆರೆಸಿಕೊಂಡರೆ ಈ ರಗಳೆ ಇಲ್ಲ. ಆದರೆ ಕತ್ತಲಲ್ಲಿ, ತಲೆಗೆ ಕಟ್ಟಿದ ಟಾರ್ಚಿನ ಬೆಳಕಲ್ಲಿ, ಇಷ್ಟೆಲ್ಲ ಮಾಡುವ ತಾಳ್ಮೆ ಬೇಕು.

ಈ ವಿಷಯದಲ್ಲಿ ಶುಂಠಿ ಟೀ ಸ್ವಲ್ಪ ಮೇಲು. ಹಾಲಿನ ಹಳೇ ವಾಸನೆಯನ್ನು ಶುಂಠಿ, ಏಲಕ್ಕಿ ಮುಚ್ಚಿಹಾಕುತ್ತವೆ. ನಂದಿಯಲ್ಲಿ ನನ್ನ ವೋಟು ಶುಂಠಿ ಟೀಗೆ. ಯಾವುದನ್ನೇ ಕುಡಿಯಿರಿ, ಬಿಸಿ ಲೋಟ ಹಿಡಿದುಕೊಂಡೇ ವ್ಯೂಫೈಂಡರಿಗೆ ಕಣ್ಣಿಡಬೇಡಿ. ಆವಿ ಗಾಜಿನ ಮೇಲೆ ಕೂರುತ್ತದೆ. ಅದನ್ನು ಒರೆಸುವಷ್ಟರಲ್ಲಿ ಸೂರ್ಯ ಮೋಡದಿಂದ ಹೊರಗೆ ಬಂದು ಮತ್ತೆ ಒಳಗೆ ಹೋಗಿರುತ್ತಾನೆ.

ಕಾಫಿಯ ನಿಜವಾದ ಬಣ್ಣ ಬಯಲಾಗುವುದು ರಂಗನತಿಟ್ಟಿನಲ್ಲಿ. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಜಾಗ. ಅಲ್ಲಿ ಫೋಟೊ ತೆಗೆಯುವುದು ದೋಣಿಯಲ್ಲಿ ಕೂತು. ಅಲ್ಲಾಡುವ ದೋಣಿಯಲ್ಲಿ ಟ್ರೈಪಾಡ್ ಇದ್ದೂ ಇಲ್ಲದ ಹಾಗೆ, ದೊಡ್ಡ ಲೆನ್ಸನ್ನು ಕೈಯಲ್ಲೇ ಹಿಡಿಯಬೇಕು. 400 ಎಂಎಂ ಲೆನ್ಸಿಗೆ ಶಟರ್ ವೇಗ ಕಡೇಪಕ್ಷ 1/400 ಸೆಕೆಂಡ್ ಇರಲಿ, ಇಲ್ಲದಿದ್ದರೆ ಕೈ ಅಲುಗಿ ಫೋಟೊ ಮಸುಕಾಗುತ್ತದೆ ಅನ್ನುವುದು ಹಳೆಯ ಲೆಕ್ಕ. ಅದು ನೆಟ್ಟಗೆ ನಿಲ್ಲುವ ಕೈಗೆ. ಕಾಫಿ ಕುಡಿದ ಅರ್ಧದಿಂದ ಒಂದು ಗಂಟೆಯೊಳಗೆ, ಕೈ ನಡುಗಿಸುವ ಅದರ ಕೆಫೀನ್ ರಕ್ತದಲ್ಲಿ ಮೇಲಿನ ಮಟ್ಟ ಮುಟ್ಟುತ್ತದೆ. ಗೇಟಿನ ಹತ್ತಿರ ಕಾಫಿ ಕುಡಿದು, ಟಿಕೆಟ್ ತೆಗೆದುಕೊಂಡು, ಸಾಲಿನಲ್ಲಿ ನಿಂತು, ದೋಣಿ ಹತ್ತುವ ಹೊತ್ತಿಗೆ ಸರಿಯಾಗಿ ಅದೇ ಸಮಯ! ಬಣ್ಣದ ಕೊಕ್ಕರೆಯ ಕಣ್ಣಿನ ಮೇಲೆ ಇಟ್ಟ ಫೋಕಸ್ ಚುಕ್ಕಿ ಕೊಕ್ಕಿಗೂ ಕತ್ತಿಗೂ ಹಾರಾಡುತ್ತಿರುತ್ತದೆ. ಖಾಲಿ ಹೊಟ್ಟೆಯಲ್ಲಿ ಕುಡಿದಿದ್ದರೆ ಇನ್ನೂ ಜಾಸ್ತಿ.

ಎಲ್ಲ ಕಾಫಿಯೂ ಒಂದೇ ಅಲ್ಲ ಅನ್ನಿ. ಕಾಫಿ ಬೀಜದ ಎರಡು ಜಾತಿಗಳಲ್ಲಿ ಅರೇಬಿಕಾಗಿಂತ ರೊಬಸ್ಟಾದಲ್ಲಿ ಕೆಫೀನ್ ಸುಮಾರು ಎರಡು ಪಟ್ಟು. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಚಿಕೋರಿ ಬೆರೆಸಿದ ಪುಡಿಯನ್ನು ಬೈಯುವ ಶುದ್ಧ ಕಾಫಿ ಭಕ್ತರು ಈ ಮಾತನ್ನು ಸ್ವಲ್ಪ ಗಮನಿಸಬೇಕು. ಒಂದು ಲೋಟ ಟೀಯಲ್ಲಿ ಕಾಫಿಯ ಹತ್ತಿರಹತ್ತಿರ ಅರ್ಧದಷ್ಟು ಕೆಫೀನ್ ಇರುತ್ತದೆ. ದೋಣಿ ಹತ್ತುವ ಮುಂಚೆ ಏನಾದರೂ ಬಿಸಿ ಬೇಕೇಬೇಕು ಅನ್ನುವವರಿಗೆ ಹಾಲಿಲ್ಲದ, ಸಕ್ಕರೆಯಿಲ್ಲದ ಬ್ಲ್ಯಾಕ್ ಟೀ ಸಾಕು. ಸೊಪ್ಪು ಸೋಸಿಯೇ ಫ್ಲಾಸ್ಕಿಗೆ ಹಾಕಿ, ಇಲ್ಲದಿದ್ದರೆ ಒಗರು ಬಂದು ನಾಲಿಗೆ ಜುಮ್ಮೆನ್ನುತ್ತದೆ. ನಿಂಬೆರಸ ಕುಡಿಯುವಾಗ ಹಿಂಡಿಕೊಳ್ಳಿ. ಕಾಫಿಯನ್ನು ದೋಣಿಯಿಂದ ಇಳಿದ ಮೇಲೆ ಕುಡಿಯೋಣ, ತೆಗೆದ ಫೋಟೊ ನೋಡುತ್ತಾ. ಆಗ ಅದಕ್ಕೆ ಸಾಟಿ ಇಲ್ಲ.

ಕಾಫಿ ಪಕ್ಷದ ಮಾನ ಉಳಿಸುವ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಕಾಫಿಯಿಂದ ಫಿಲ್ಮ್ ತೊಳೆಯಬಹುದು. 1995ರಲ್ಲಿ ಅಮೆರಿಕದ ರೋಚೆಸ್ಟರ್ ತಂತ್ರಜ್ಞಾನ ಸಂಸ್ಥೆಯಲ್ಲಿ ಸ್ಕಾಟ್ ವಿಲಿಯಮ್ಸ್ ಅವರ ತರಗತಿಯಲ್ಲಿ ಹುಟ್ಟಿದ ಈ ಡೆವಲಪರಿಗೆ, ಅಂದರೆ ಫಿಲ್ಮಿನಲ್ಲಿ ಚಿತ್ರ ಮೂಡಿಸುವ ದ್ರಾವಣಕ್ಕೆ, ಕೆಫಿನಾಲ್ ಅಂತ ಹೆಸರು. ಇನ್‌ಸ್ಟಂಟ್ ಕಾಫಿ, ವಾಷಿಂಗ್ ಸೋಡ, ಜೊತೆಗೆ ವಿಟಮಿನ್ ಸಿ ಸೇರಿಸುವುದು ಈಗಿನ ರೂಢಿ. ಇಲ್ಲಿ ಕೆಲಸ ಮಾಡುವುದು ಕೆಫೀನ್ ಅಲ್ಲ, ಕಾಫಿಯಲ್ಲೇ ಇರುವ ಕೆಫೆಯಿಕ್ ಆಮ್ಲ. ದುಬಾರಿ ಅರೇಬಿಕಾಗಿಂತ ಅಗ್ಗದ ರೊಬಸ್ಟಾ ಪುಡಿಯೇ ಚೆನ್ನಾಗಿ ತೊಳೆಯುತ್ತದೆ ಅಂತ ಮಾಡಿದವರು ಹೇಳುತ್ತಾರೆ. ವಾಸನೆ ಮಾತ್ರ ಕೇಳಬೇಡಿ. ಆಮೇಲೆ ಸ್ವಲ್ಪ ಹೊತ್ತು ಕುಡಿಯುವ ಕಾಫಿಯ ಮೇಲೂ ಮನಸ್ಸು ಹೋಗುವುದಿಲ್ಲ.

ಬಿಸಿಲಿಗೆ ಹೋಗೋಣ. ಹಂಪಿ ಹತ್ತಿರದ ದರೋಜಿ ಕರಡಿಧಾಮದ ವೀಕ್ಷಣಾ ಗೋಪುರದಲ್ಲಿ ಮಧ್ಯಾಹ್ನದಿಂದ ಸಂಜೆಯವರೆಗೆ ಕಾಯುವ ಕೆಲಸ. ಇಲ್ಲಿ ಪೈಪೋಟಿ ಮಜ್ಜಿಗೆಗೂ ರಾಗಿ ಅಂಬಲಿಗೂ. ಅಂಬಲಿ ಹೊಟ್ಟೆ ತುಂಬಿಸುತ್ತದೆ, ತಂಪು. ಆದರೆ ಬಾಟಲಿಯ ತಳದಲ್ಲಿ ರಾಗಿ ಕೂರುತ್ತದೆ, ಪ್ರತಿ ಸಲ ಅಲ್ಲಾಡಿಸಬೇಕು. ಬಳ್ಳಾರಿ ಸೀಮೆಯ ಬಿಸಿಲಿಗೆ ಅದು ಬಾಟಲಿಯೊಳಗೇ ಹುಳಿ ಬರುತ್ತದೆ. ಮುಚ್ಚಳ ತೆಗೆದರೆ ಟಪ್ ಅಂತ ಸದ್ದು. ಕರಡಿ ಬಂಡೆ ಇಳಿಯುವ ಹೊತ್ತಿಗೆ ಆ ಸದ್ದು ಬೇಕಾ? ಮೇಲಾಗಿ ಅಂಬಲಿ ಕುಡಿದು ಅರ್ಧ ಗಂಟೆಗೆ ಕಣ್ಣು ಎಳೆಯುತ್ತದೆ.

ಮಜ್ಜಿಗೆಗೆ ಈ ಯಾವ ದೋಷವೂ ಇಲ್ಲ. ಬೆಣ್ಣೆ ತೆಗೆದು ತೆಳ್ಳಗೆ ಮಾಡಿ, ಇಂಗು, ಉಪ್ಪು, ಜಜ್ಜಿದ ಶುಂಠಿ ಹಾಕಿ ಸೋಸಿ. ಕೊತ್ತಂಬರಿ, ಕರಿಬೇವು ಬೇಡ, ಬಾಟಲಿಯ ಬಾಯಿಗೆ ಸಿಕ್ಕಿಕೊಳ್ಳುತ್ತವೆ. ಬೆವರಿನಲ್ಲಿ ಹೋದ ಉಪ್ಪು ವಾಪಸ್ ಬರುತ್ತದೆ, ಕೈ ನಡುಗುವುದಿಲ್ಲ, ಬಾಯಿ ಬೇಗ ಒಣಗುವುದಿಲ್ಲ. ಕಾಯುವ ಫೋಟೊಗ್ರಫಿಗೆ ಇದೇ ನನ್ನ ಮೊದಲ ಆಯ್ಕೆ. ಒಂದೇ ಎಚ್ಚರಿಕೆ: ಉಪ್ಪು, ಹುಳಿ ಎರಡೂ ಲೋಹಕ್ಕೆ ಆಗದವು. ಲೆನ್ಸ್ ಬದಲಿಸುವ ಜಾಗಕ್ಕೆ ಮಜ್ಜಿಗೆ ತಾಗಿದರೆ ಆಮೇಲೆ ಒರೆಸೋಣ ಅಂತ ಬಿಡಬೇಡಿ.

ಮಳೆಗಾಲದ ಆಗುಂಬೆಯಲ್ಲಿ ಲೆಕ್ಕ ತಿರುಗುತ್ತದೆ. ರಾತ್ರಿ ಹೊತ್ತು ಕಪ್ಪೆಗಳ ಮ್ಯಾಕ್ರೊ, ಅಂದರೆ ತೀರಾ ಹತ್ತಿರದಿಂದ ತೆಗೆಯುವ ಫೋಟೊ. ಸೊಂಟ ಬಗ್ಗಿಸಿಕೊಂಡೇ ಇರಬೇಕು, ಕಾಲಿಗೆ ಉಂಬಳ (ಜಿಗಣೆ), ಬೆರಳು ಮರಗಟ್ಟಿ ಫ್ಲ್ಯಾಶಿನ ಗುಂಡಿ ಯಾವುದು ಅಂತಲೇ ತಿಳಿಯುವುದಿಲ್ಲ. ಟೀ ಬೆಚ್ಚಗೇನೋ ಮಾಡುತ್ತದೆ. ಆದರೆ ಹತ್ತು ಗಂಟೆಗೆ ಟೀ ಕುಡಿದು ಹನ್ನೆರಡಕ್ಕೆ ಮಲಗಿದರೆ ನಿದ್ದೆ ಬರಬೇಕಲ್ಲ, ಬೆಳಿಗ್ಗೆ ಐದಕ್ಕೆ ಮತ್ತೆ ಏಳಬೇಕು. ಮಲೆನಾಡಿನವರ ಕಷಾಯ ಇಲ್ಲಿ ಎಲ್ಲವನ್ನೂ ಸೋಲಿಸುತ್ತದೆ. ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ, ಕಾಳುಮೆಣಸು ಹುರಿದು ಮಾಡಿದ ಪುಡಿ, ಬೆಲ್ಲ, ಮೇಲೆ ಸ್ವಲ್ಪ ಹಾಲು. ಕೆಫೀನ್ ಇಲ್ಲ. ಮೆಣಸಿನ ಖಾರ ಗಂಟಲಲ್ಲಿ ಇಳಿಯುವಾಗಲೇ ಮೈ ಬಿಸಿಯಾಗುತ್ತದೆ. ಲೋಟದ ತಳದಲ್ಲಿ ಉಳಿಯುವ ಗಸಿಯನ್ನು ಮಾತ್ರ ಕುಡಿಯಬೇಡಿ, ಕೆಮ್ಮು ಬಂದರೆ ಎದುರಿಗಿದ್ದ ಕಪ್ಪೆ ಹಾರಿಹೋಗುತ್ತದೆ.

ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನ ಹೂವಿನ ಸಂತೆಯಲ್ಲೋ, ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲೋ ಓಡಾಡುವವರು ಫ್ಲಾಸ್ಕ್ ಒಯ್ಯಲೇಬೇಡಿ. ಅಂಗಡಿಯಲ್ಲಿ ಬೈ-ಟು ತೆಗೆದುಕೊಳ್ಳಿ, ಕಾಫಿಯೋ ಟೀಯೋ ಯಾವುದಾದರೂ ಸರಿ. ಅದು ಆ ಜಗಲಿಯಲ್ಲಿ ಅರ್ಧ ಗಂಟೆ ನಿಲ್ಲಲು ಕೊಡುವ ಬಾಡಿಗೆ. ಲೋಟ ಹಿಡಿದು ನಿಂತವರನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ.

ಕರಾವಳಿಯ ಕಂಬಳಕ್ಕೆ ಹೋದರೆ ಎಳನೀರು ಮತ್ತು ಪುನರ್ಪುಳಿ (ಕೋಕಂ) ಶರಬತ್ತು. ಎಳನೀರು ಒಳ್ಳೆಯದು ನಿಜ, ಆದರೆ ಅದನ್ನು ಹಿಡಿಯಲು ಎರಡೂ ಕೈ ಬೇಕು. ಕೊರಳಲ್ಲಿ ಕ್ಯಾಮೆರಾ, ಕೈಯಲ್ಲಿ ಬೊಂಡ, ಅಷ್ಟರಲ್ಲಿ ಕನೆಹಲಗೆಯ, ಅಂದರೆ ಹಲಗೆ ಎಳೆದು ನೀರು ಚಿಮ್ಮಿಸುವ ಓಟದ, ಕೋಣಗಳು ಬಂದೇಬಿಟ್ಟವು! ನೀರು ಎದ್ದು ಮೇಲೆ ಕಟ್ಟಿದ ನಿಶಾನೆ ಬಟ್ಟೆಯನ್ನು ಮುಟ್ಟುವ ಕ್ಷಣ ಕೈಯಲ್ಲಿ ಬೊಂಡ ಇದ್ದರೆ ಏನು ಮಾಡುತ್ತೀರಿ? ಪುನರ್ಪುಳಿಯನ್ನು ಬಾಟಲಿಯಲ್ಲಿ ಬೆರೆಸಿಟ್ಟುಕೊಂಡರೆ ಒಂದು ಗುಟುಕು ಕುಡಿದು ಜೇಬಿಗೆ ಹಾಕಬಹುದು. ಬಿಳಿ ಅಂಗಿ ಬೇಡ, ಆ ಕೆಂಪು ಕಲೆ ಸುಲಭಕ್ಕೆ ಹೋಗುವುದಿಲ್ಲ.

ಇನ್ನು ಚೆಲ್ಲುವ ಲೆಕ್ಕದಲ್ಲಿ ಕೊನೆಯ ಸ್ಥಾನ ಕಬ್ಬಿನ ಹಾಲಿಗೆ. ಹಕ್ಕಿಗಳ ಫೋಟೊಗೆ ಕೊಕ್ಕರೆ ಬೆಳ್ಳೂರಿಗೆ ಹೋಗುವಾಗ ಮಂಡ್ಯ ಸೀಮೆಯ ಕಬ್ಬು ಬಿಟ್ಟು ಬರಲಾಗುವುದಿಲ್ಲ, ಗೊತ್ತು. ಆದರೆ ನಮ್ಮ ಗುಂಪಿನ ಒಬ್ಬರ ಝೂಮ್ ಲೆನ್ಸಿನ ರಿಂಗಿಗೆ ಅದು ಚೆಲ್ಲಿ, ಒಣಗಿ, ರಿಂಗ್ ಗಟ್ಟಿಯಾಗಿ ಕೂತುಬಿಟ್ಟಿತು. ರಿಪೇರಿಯವರು ಬಿಚ್ಚಿದಾಗ ಒಳಗೆ ಇರುವೆ. ಕ್ಯಾಮೆರಾ ಕಾರಿನಲ್ಲೇ ಬಿಟ್ಟು ಕುಡಿಯಿರಿ, ಕೈ ತೊಳೆದುಕೊಂಡು ಬ್ಯಾಗ್ ಮುಟ್ಟಿ.