ಏಣೆಲು ಗದ್ದೆಗೆ ಯಾವುದು: ಡಿಎಪಿಯೋ, 10:26:26 ಓ, ರಾಕ್ ಫಾಸ್ಫೇಟೋ?

ಉಡುಪಿ, ಮಂಗಳೂರು ಕಡೆಯ ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆಗೆ ರೂಢಿಯಲ್ಲಿರುವ ಗೊಬ್ಬರದ ಲೆಕ್ಕ ಹೆಕ್ಟೇರಿಗೆ 60:30:45. ಎಕರೆಗೆ ಇಳಿಸಿದರೆ ಸಾರಜನಕ 24, ರಂಜಕ 12, ಪೊಟ್ಯಾಷ್ 18 ಕೆ.ಜಿ. ಎಂಒ-4 ತಳಿಯ ಭತ್ತ ನೆಟ್ಟ ಗದ್ದೆಗಳಿಗೆ ಇದನ್ನೇ ಮೂರು ಬಗೆಯಲ್ಲಿ ಹಾಕಿ ನೋಡಿದಾಗ ಕಂಡ ವ್ಯತ್ಯಾಸ ಇಲ್ಲಿದೆ. ಮಣ್ಣು ಪರೀಕ್ಷೆಯ ವರದಿ ಕೈಯಲ್ಲಿದ್ದರೆ ಅದರ ಲೆಕ್ಕವನ್ನೇ ಹಿಡಿಯಿರಿ.

ಸಮತೋಲನ ಎಂದ ಕೂಡಲೇ ಎಲ್ಲರೂ 4:2:1 ಎನ್ನುತ್ತಾರೆ. ಉತ್ತರದ ಭತ್ತ-ಗೋಧಿ ಸೀಮೆಗೆ ಅದು ಸರಿ. ನಮ್ಮ 60:30:45 ಅನ್ನು ಭಾಗಿಸಿ ನೋಡಿ, 4:2:3 ಬರುತ್ತದೆ. ಜಂಬಿಟ್ಟಿಗೆ ಮಣ್ಣು, ಮೇಲಿಂದ ಮೂರು ತಿಂಗಳ ಜಡಿಮಳೆ, ಪೊಟ್ಯಾಷ್ ನಿಲ್ಲುವುದಿಲ್ಲ. ಹಾಗಾಗಿ ಇಲ್ಲಿ ಯಾವ ಗೊಬ್ಬರವನ್ನು ತೂಗುವಾಗಲೂ ಮೊದಲು ಪೊಟ್ಯಾಷ್ ಲೆಕ್ಕ ನೋಡಬೇಕು.

ಡಿಎಪಿ (ಸಾರಜನಕ 18%, ರಂಜಕ 46%): ಎಕರೆಗೆ 26 ಕೆ.ಜಿ. ಸಾಕು, ಅಂದರೆ ಅರ್ಧ ಚೀಲ. ಜೊತೆಗೆ ಯೂರಿಯಾ 42, ಎಂಒಪಿ (ಪೊಟ್ಯಾಷ್ ಗೊಬ್ಬರ) 30 ಕೆ.ಜಿ. ನೇಜಿ (ನೆಟ್ಟ ಸಸಿ) ಬೇಗ ಬೇರು ಹಿಡಿದು ಹಸಿರಾಗುತ್ತದೆ, ಮೊದಲ ಮೂರು ವಾರ ಇದೇ ಮುಂದು. ಆದರೆ ನೀರಿನಲ್ಲಿ ಕರಗುವ ರಂಜಕವನ್ನು ನಮ್ಮ ಹುಳಿಮಣ್ಣಿನ ಕಬ್ಬಿಣ, ಅಲ್ಯುಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ. ಏಣೆಲಿನ ನಂತರದ ಸುಗ್ಗಿ ಬೆಳೆಗೆ ಹೆಚ್ಚೇನೂ ಉಳಿಯದು. ಇನ್ನೂ ದೊಡ್ಡ ತೊಂದರೆ ಎಂದರೆ, ಡಿಎಪಿ ಹಾಕಿದವರು ಗದ್ದೆ ಹಸಿರಾದದ್ದು ನೋಡಿ ಎಂಒಪಿ ಮರೆತೇ ಬಿಡುತ್ತಾರೆ.

10:26:26 (ಸಾರಜನಕ, ರಂಜಕ, ಪೊಟ್ಯಾಷಿನ ಶೇಕಡಾ ಪಾಲು): ಎಕರೆಗೆ 50 ಕೆ.ಜಿ.ಯ ಒಂದು ಚೀಲಕ್ಕೆ ಯೂರಿಯಾ 41, ಎಂಒಪಿ 8 ಕೆ.ಜಿ. ಸೇರಿಸಿದರೆ ಲೆಕ್ಕ ಕೂಡುತ್ತದೆ. ಆಳು ಸಿಗದ ಊರಿಗೆ ಇದೇ ಸುಲಭ. ಕೊರತೆ ಒಂದೇ: ಪೊಟ್ಯಾಷಿನ ಮುಕ್ಕಾಲು ಪಾಲು ಬುಡಕ್ಕೇ, ಅಂದರೆ ನೆಡುವ ಹೊತ್ತಿಗೇ ಬೀಳುತ್ತದೆ. ಬೈಲು (ತಗ್ಗಿನ) ಗದ್ದೆಯ ಜೇಡಿಮಣ್ಣು ಅದನ್ನು ತಡೆದೀತು. ಹೊಳೆಬದಿಯ ಮರಳು ಗದ್ದೆಯಲ್ಲಿ ಜುಲೈ ಮಳೆಗೆ ಇಳಿದುಹೋಗುತ್ತದೆ. ಅಲ್ಲಿ ಇದು ಬೇಡ.

ರಾಕ್ ಫಾಸ್ಫೇಟ್ (ರಂಜಕದ ಕಲ್ಲಿನ ಪುಡಿ): ಚೀಲದ ಮೇಲೆ ರಂಜಕ 18% ಎಂದಿದ್ದರೆ ಎಕರೆಗೆ 67 ಕೆ.ಜಿ., ಯೂರಿಯಾ 52, ಎಂಒಪಿ 30. ಗೋಧಿ ಬೆಳೆಯುವ ಕ್ಷಾರದ ಮಣ್ಣಿನಲ್ಲಿ ಇದು ಕರಗುವುದೇ ಇಲ್ಲ. ನಮ್ಮ ಮಣ್ಣಿನ ಪಿಎಚ್ 5.5ಕ್ಕಿಂತ ಕೆಳಗಿದ್ದರೆ ಆ ಹುಳಿಯೇ ಕರಗಿಸುತ್ತದೆ. ಕೆಲಸ ಕೆಡುವುದು ಹೊತ್ತು ತಪ್ಪಿದಾಗ. ಗದ್ದೆಯಲ್ಲಿ ನೀರು ನಿಂತರೆ ಪಿಎಚ್ ಏರುತ್ತದೆ, ಕರಗುವುದು ನಿಧಾನವಾಗುತ್ತದೆ. ಆದ್ದರಿಂದ ನೆಡುವ ದಿನ ಎರಚಿ ಪ್ರಯೋಜನವಿಲ್ಲ. ಮೊದಲ ಮಳೆಗೆ ಉಳುವಾಗಲೇ, ನೀರು ನಿಲ್ಲಿಸುವುದಕ್ಕೆ ಎರಡು ಮೂರು ವಾರ ಮೊದಲು, ಮಣ್ಣಿಗೆ ಸೇರಿಸಬೇಕು. ಸುಣ್ಣದ ಜೊತೆಗಂತೂ ಹಾಕಲೇಬಾರದು, ಹುಳಿ ಸತ್ತರೆ ಇದೂ ಸತ್ತಂತೆ. ಸುಣ್ಣ ಬೇಕಿರುವ ಗದ್ದೆಗೆ ಆ ವರ್ಷ ಡಿಎಪಿಯೇ ಇರಲಿ, ಅದೂ ಸುಣ್ಣ ಹಾಕಿ ಎರಡು ವಾರ ಬಿಟ್ಟು. ರಾಕ್ ಫಾಸ್ಫೇಟ್ ಹಾಕಿದ ಪೈರು ಆರಂಭದಲ್ಲಿ ಡಿಎಪಿ ಗದ್ದೆಗಿಂತ ಪೇಲವ ಕಾಣುತ್ತದೆ, ಗಾಬರಿಯಾಗಿ ಯೂರಿಯಾ ಸುರಿಯಬೇಡಿ. ತೆಂಡೆ (ಬುಡದ ಕವಲು) ಒಡೆಯುವ ಹೊತ್ತಿಗೆ ಸಮನಾಗುತ್ತದೆ, ಸುಗ್ಗಿಗೂ ಒಂದಿಷ್ಟು ಉಳಿಯುತ್ತದೆ. ಏಣೆಲು, ಸುಗ್ಗಿ ಎರಡೂ ಬೆಳೆಯುವವರಿಗೆ ನಮ್ಮ ಆಯ್ಕೆ ಇದೇ.

ಮೇಲುಗೊಬ್ಬರ ಮೂರರಲ್ಲೂ ಒಂದೇ: ಎಕರೆಗೆ ಯೂರಿಯಾ 13 ಕೆ.ಜಿ. ನೆಟ್ಟ 20-25 ದಿನಕ್ಕೆ, ಮತ್ತೆ 13 ಕೆ.ಜಿ. 45-50ಕ್ಕೆ. ಉಳಿದ ಯೂರಿಯಾ ಬುಡಕ್ಕೆ. ಎಂಒಪಿ 30 ಕೆ.ಜಿ. ಇದ್ದಲ್ಲಿ ಅರ್ಧ ಬುಡಕ್ಕೆ, ಅರ್ಧ ಎರಡನೇ ಯೂರಿಯಾ ಜೊತೆ. 10:26:26ರಲ್ಲಾದರೆ ಆ 8 ಕೆ.ಜಿ. ಪೂರ್ತಿ ಆಗಲೇ. ಈ ಎರಡನೇ ಕಂತಿಗೆ ದಿನ ಎಣಿಸುವುದಕ್ಕಿಂತ ಒಂದು ತೆಂಡೆ ಕಿತ್ತು ಉದ್ದಕ್ಕೆ ಸೀಳಿ ನೋಡುವುದು ಒಳ್ಳೆಯದು. ಬುಡದಲ್ಲಿ ಒಂದೆರಡು ಮಿಲಿಮೀಟರಿನ ಬಿಳಿ ಕುಚ್ಚು ಕಂಡರೆ ಅದೇ ಹೊತ್ತು.

ಎರಚುವ ಮುನ್ನ ನೀರು ಇಳಿಸಿ, ಕಟ್ಟಹುಣಿಯ (ಗದ್ದೆಯ ಬದುವಿನ) ಕಂಡಿ ಮುಚ್ಚಿ, ಎರಡು ದಿನ ಹಾಗೇ ಬಿಡಿ. ಕಂಡಿ ತೆರೆದಿಟ್ಟು ಹಾಕಿದ ಯೂರಿಯಾ ಕೆಳಗಿನ ಗದ್ದೆಯವರಿಗೆ ಹೋಗುತ್ತದೆ. ಎಲೆ ಒದ್ದೆಯಿದ್ದಾಗಲೂ ಬೇಡ, ಸುಡುತ್ತದೆ. ಯೂರಿಯಾ, ಎಂಒಪಿ ಬೆರೆಸಿದರೆ ಅದೇ ದಿನ ಮುಗಿಸಿ. ಮಳೆಗಾಲದಲ್ಲಿ ಬೆರಕೆ ಇಟ್ಟರೆ ನೀರೊಡೆಯುತ್ತದೆ.

ನೀರಿನ ಮೇಲೆ ಎಣ್ಣೆ ಚೆಲ್ಲಿದಂತೆ ಕೆಂಪು ಪೊರೆ, ಎಲೆಯ ತುದಿಯಿಂದ ಕಂದು-ಕಿತ್ತಳೆ ಚುಕ್ಕೆ ಕಂಡರೆ ಅದು ಕಬ್ಬಿಣದ ನಂಜು. ರೋಗವೆಂದು ಔಷಧ ಹೊಡೆಯುವವರೂ ಇದ್ದಾರೆ, ಗೊಬ್ಬರ ಸಾಲದೆಂದು ಯೂರಿಯಾ ಹಾಕುವವರೂ ಇದ್ದಾರೆ. ಪೊಟ್ಯಾಷ್ ಕಡಿಮೆಯಾದ ಗದ್ದೆಯಲ್ಲಿ ಇದು ಜಾಸ್ತಿ. ನೀರು ಬಸಿದು ನಾಲ್ಕೈದು ದಿನ ಗಾಳಿಯಾಡಲು ಬಿಟ್ಟು, 10 ಸೆಂಟ್ಸಿಗೆ ಒಂದೂವರೆ ಕೆ.ಜಿ. ಎಂಒಪಿ ಕೊಡಿ. ಯೂರಿಯಾ ಹೆಚ್ಚಿದರೆ ಬರುವುದು ಬೆಂಕಿ ರೋಗ, ಕಂದು ಜಿಗಿಹುಳು. ಕೊನೆಗೆ ಪೈರು ಮಲಗುತ್ತದೆ.

ನ್ಯಾನೊ ಯೂರಿಯಾ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. 4%ರ ಅರ್ಧ ಲೀಟರ್ ಬಾಟಲಿಯಲ್ಲಿ ಸಾರಜನಕ ಇರುವುದು 20 ಗ್ರಾಂ, 45 ಕೆ.ಜಿ. ಯೂರಿಯಾ ಚೀಲದಲ್ಲಿ 20 ಕೆ.ಜಿ.ಗೂ ಮೇಲೆ. ಏಣೆಲಿನಲ್ಲಿ ಸಿಂಪಡಿಸಿದ್ದು ಎಲೆಯ ಮೇಲೆ ಒಣಗುವಷ್ಟು ಹೊಳವು (ಮಳೆಯ ಬಿಡುವು) ಸಿಗುವುದೂ ಅಪರೂಪ.