ಮೈನಸ್ ಇಪ್ಪತ್ತು ಎಂದು ಬರೆದ ಬಂಕ್

ಇಪ್ಪತ್ತೆರಡು ವರ್ಷ ನಾನು ಹಡಗುಗಳಿಗೆ ತುಂಬಿಸುವ ಇಂಧನವನ್ನು ಅಳೆಯುವ ಸರ್ವೇಯರ್ ಆಗಿದ್ದೆ. ಹಡಗಿನವರು ಇಂಧನಕ್ಕೆ ಬಂಕರ್ ಎನ್ನುತ್ತಾರೆ. ನಮ್ಮ ಅಮ್ಮ ಅದನ್ನು 'ಮಗ ಸಿಂಗಪುರದಲ್ಲಿ ಬಂಕಿನಲ್ಲಿದ್ದಾನೆ' ಎಂದು ಹೇಳಿಕೊಂಡು ಬಂದಳು. ಅಡಕೆ ತೋಟ ಬಿಟ್ಟು ಪೆಟ್ರೋಲ್ ಹಾಕಲು ಅಷ್ಟು ದೂರ ಹೋಗಬೇಕಿತ್ತೇ ಎಂದು ನೆಂಟರು ಮರುಗುತ್ತಿದ್ದರು. ಈಗ ತೀರ್ಥಹಳ್ಳಿಯ ಹತ್ತಿರ ಅದೇ ತೋಟದಲ್ಲಿದ್ದೇನೆ. ಬಂಕಿನ ಬಗ್ಗೆ ಬರೆಯುವ ಹಕ್ಕು ನನಗೆ ತುಸು ಹೆಚ್ಚೇ ಇದೆ ಎಂದುಕೊಂಡಿದ್ದೇನೆ.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೆಂದು ಲೈನ್‌ಮನ್‌ಗೂ ಗೊತ್ತಿರುವುದಿಲ್ಲ. ಜನರೇಟರಿಗೆ, ಟಿಲ್ಲರಿಗೆ ಎಂದು ವಾರಕ್ಕೊಮ್ಮೆ ಕ್ಯಾನಿನಲ್ಲಿ ಡೀಸೆಲ್ ತರುತ್ತೇನೆ. ಮೊದಲು ಹೋಗುತ್ತಿದ್ದ ಬಂಕೊಂದರಲ್ಲಿ ಇಪ್ಪತ್ತು ಲೀಟರ್ ಹಾಕಿಸಿದರೆ ಕ್ಯಾನಿನ ಗೆರೆಗೆ ಎರಡು ಬೆರಳು ಕಡಿಮೆಯಾಗುತ್ತಿತ್ತು. ಜಗಳ ಮಾಡಲಿಲ್ಲ, ಪ್ಲಾಸ್ಟಿಕ್ ಕ್ಯಾನಿನ ಗೆರೆ ಅಳತೆಯಲ್ಲ, ಅದನ್ನು ನಂಬಿ ಯಾರನ್ನೂ ಕಳ್ಳ ಎನ್ನುವಂತಿಲ್ಲ. ಐದು ಲೀಟರಿನ ಮುದ್ರೆಯೊತ್ತಿದ ಪಾತ್ರೆ ತನ್ನಿ ಎಂದೆ. ಎಲ್ಲ ಬಂಕಿನಲ್ಲೂ ಅದು ಇರಲೇಬೇಕು, ಗಿರಾಕಿ ಕೇಳಿದರೆ ಅಳೆದು ತೋರಿಸಲೇಬೇಕು. 'ಒಳಗೆ ಬೀಗ ಹಾಕಿದೆ, ಸಾಹುಕಾರರು ಶಿವಮೊಗ್ಗಕ್ಕೆ ಹೋಗಿದ್ದಾರೆ' ಎಂಬ ಉತ್ತರ ಬಂತು. ಮೂರು ವಾರ ಹೋದೆ, ಮೂರು ವಾರವೂ ಸಾಹುಕಾರರು ಶಿವಮೊಗ್ಗದಲ್ಲೇ ಇದ್ದರು.

ಹಾಗಾಗಿ ಆಗುಂಬೆ ಕಡೆಯ ರಸ್ತೆಯ ಈ ಚಿಕ್ಕ ಬಂಕಿಗೆ ಬಂದೆ. ಎರಡೇ ಪಂಪು, ಒಂದು ತಗಡಿನ ಚಪ್ಪರ. ನೋಡಿಕೊಳ್ಳುವವಳು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಪರೀಕ್ಷೆ ಮಾಡಿ ತೋರಿಸುತ್ತೀಯಾ ತಂಗಿ ಎಂದರೆ 'ಬನ್ನಿ ಸರ್' ಎಂದು ಗಾಜಿನ ಜಾಡಿ ತೆಗೆದಳು. ಡೀಸೆಲ್ ತುಂಬಿ, ಸಾಂದ್ರತೆ ತೋರಿಸುವ ತೇಲುಕಡ್ಡಿ, ಅಂದರೆ ಹೈಡ್ರೋಮೀಟರ್ ಬಿಟ್ಟು, ಅದು ಅಲುಗಾಡುವುದು ನಿಲ್ಲುವ ತನಕ ಕಾದಳು. 24 ಡಿಗ್ರಿಯಲ್ಲಿ ಸಾಂದ್ರತೆ 823, ಅಂದರೆ ಸಾವಿರ ಲೀಟರಿಗೆ ಅಷ್ಟು ಕಿಲೋ. ಪಟ್ಟಿ ನೋಡಿ 15 ಡಿಗ್ರಿಗೆ ತಂದಾಗ 829. ಬೆಳಿಗ್ಗೆ ಬರೆದಿಟ್ಟದ್ದು 828. ಮೂರರ ತನಕ ವ್ಯತ್ಯಾಸ ನಡೆಯುತ್ತದೆ, ಸರಿ.

ನನಗೆ ಮೆಚ್ಚಿಗೆಯಾದದ್ದು ಆಮೇಲಿನದು. ಐದು ಲೀಟರಿನ ಪಾತ್ರೆಯನ್ನು ಒಣಗಿದ್ದಂತೆಯೇ ಒಡ್ಡಲಿಲ್ಲ; ಒಣ ಪಾತ್ರೆಯ ಮೈಗೆ ತುಸು ಡೀಸೆಲ್ ಅಂಟಿ ಅಳತೆ ತಪ್ಪುತ್ತದೆ. ಒಮ್ಮೆ ತುಂಬಿ, ಸುರಿದು, ಹನಿ ನಿಲ್ಲುವ ತನಕ ಬೋರಲು ಹಿಡಿದು, ಆಮೇಲೆ ಅಳೆದಳು. ಅವಳಿಗೆ ಯಾರೋ ಒಳ್ಳೆಯ ಗುರು ಸಿಕ್ಕಿರಬೇಕು. ಎರಡನೆಯ ಪಂಪಿನಲ್ಲಿ 20 ಮಿಲಿ ಕಡಿಮೆ ಬಂತು. ಐದು ಲೀಟರಿಗೆ 25 ಮಿಲಿಯ ತನಕ ಕಾನೂನು ಸುಮ್ಮನಿರುತ್ತದೆ. ನಾನು ಸುಮ್ಮನಿರಲಿಲ್ಲ, ಹಳೆಯ ಚಾಳಿ. 'ಹತ್ತು ಎಂದು ಬರೆದುಬಿಡು ಮಾರಾಯ್ತಿ, ಮಿತಿಯೊಳಗೇ ಇದೆಯಲ್ಲ' ಎಂದು ಗಾಳ ಹಾಕಿದೆ.

'ನೀವು ನೋಡಿದ್ದು ಇಪ್ಪತ್ತಲ್ಲವೇ ಸರ್?' ಎಂದು ಪೆನ್ನು ತೆಗೆದು ಮೈನಸ್ ಇಪ್ಪತ್ತು ಎಂದೇ ಬರೆದಳು. ಮೆಕ್ಯಾನಿಕ್ಕಿಗೆ ಹೇಳುತ್ತೇನೆ ಎಂದಳು. ಶೀತಕ್ಕೆ ಹಾಳೆಗಳು ಅಂಟಿಕೊಳ್ಳುತ್ತವೆಂದು ರಿಜಿಸ್ಟರನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟಿದ್ದಾಳೆ. ಹಡಗಿನಲ್ಲಿ ಇಂಧನದ ರಸೀದಿಯನ್ನು ಮೂರು ವರ್ಷ, ಮೊಹರು ಹಾಕಿದ ಮಾದರಿಯನ್ನು ಕನಿಷ್ಠ ಹನ್ನೆರಡು ತಿಂಗಳು ಕಾಪಾಡಬೇಕೆಂಬುದು ಮಾರ್ಪೋಲ್ ನಿಯಮ, ಅಂದರೆ ಹಡಗುಗಳಿಂದಾಗುವ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಒಪ್ಪಂದದ್ದು. ಅದನ್ನು ಇಷ್ಟು ಜತನದಿಂದ ಪಾಲಿಸಿದ ಹಡಗುಗಳನ್ನು ನಾನು ಹೆಚ್ಚೇನೂ ಕಂಡಿಲ್ಲ.

ಅಂಕಿಯೊಂದನ್ನು ತುಸು ಸರಿಸುವುದು ನಮ್ಮ ಕಸುಬಿನಲ್ಲಿ ಎಂಥ ಬೆಲೆಯದ್ದು ಎಂದು ಹೇಳಬೇಕು. ಹಡಗಿನ ಕಪ್ಪು ತೈಲವನ್ನು ಬಿಸಿ ಮಾಡಿ ಪಂಪ್ ಮಾಡುತ್ತಾರೆ. ಬಿಸಿಯಾದಷ್ಟೂ ತೈಲ ಹಿಗ್ಗುತ್ತದೆ, ತೂಕ ಮಾತ್ರ ಅಷ್ಟೇ. ಹಡಗಿಗೆ ತೈಲ ತಂದುಕೊಡುವ ದೋಣಿ, ಬಾರ್ಜು; ತುಂಬಿದ ಬಾರ್ಜಿನ ಟ್ಯಾಂಕು 50 ಡಿಗ್ರಿ ಇದ್ದದ್ದನ್ನು 40 ಎಂದು ಬರೆದರೆ ಸಾವಿರ ಟನ್ನಿಗೆ ಆರೇಳು ಟನ್ ಕಾಗದದ ಮೇಲೆಯೇ ಹುಟ್ಟುತ್ತದೆ. ತೈಲಕ್ಕೆ ಗಾಳಿ ಊದಿ ನೊರೆ ಎಬ್ಬಿಸಿದರೆ ಟ್ಯಾಂಕಿಗೆ ಇಳಿಬಿಟ್ಟ ಅಳತೆಯ ಟೇಪಿಗೆ ಮಟ್ಟ ಏರಿದಂತೆ ಕಾಣುತ್ತದೆ. ಅದಕ್ಕೆ ಅಲ್ಲಿಯವರು ಕ್ಯಾಪುಚಿನೊ ಎಂದು ಹೆಸರಿಟ್ಟಿದ್ದಾರೆ; ನಮ್ಮ ಹೋಟೆಲಿನ ಭಾಷೆಯಲ್ಲಿ ಎತ್ತಿ ಹೊಯ್ದ ಕಾಫಿ. 2017ರ ಜನವರಿಯಿಂದ ಸಿಂಗಪುರದಲ್ಲಿ ಕಪ್ಪು ತೈಲ ಕೊಡುವ ಬಾರ್ಜುಗಳಿಗೆ ತೂಕವನ್ನೇ ಅಳೆಯುವ ಮೀಟರ್ ಕಡ್ಡಾಯವಾಯಿತು. ಮರುವರ್ಷದ ಜನವರಿಯಲ್ಲೇ ಅಲ್ಲಿನ ಪುಲಾವು ಬುಕೋಮ್ ದ್ವೀಪದ ತೈಲ ಶುದ್ಧೀಕರಣ ಘಟಕದ ಕಳ್ಳತನ ಬಯಲಿಗೆ ಬಂತು. ಹಡಗಿಗೆ ಹೆಚ್ಚಾಗಿ ಹೋದ ತೈಲ ಕಾಣಿಸಲಿಲ್ಲವೆಂದು ನಟಿಸಲು ಸರ್ವೇಯರುಗಳಿಗೂ ಹಣ ಮುಟ್ಟಿತ್ತೆಂದು ನ್ಯಾಯಾಲಯದಲ್ಲಿ ಆರೋಪ ಬಂತು. ಬೇಲಿಯೇ ಎದ್ದು ಹೊಲ ಮೇಯ್ದದ್ದು.

ನಾನು ಲಕೋಟೆ ತೆಗೆದುಕೊಂಡವನಲ್ಲ. ಆದರೆ ನನ್ನ ಪುಟವೂ ಪೂರ್ತಿ ಬಿಳಿಯಲ್ಲ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಬಂದರಿನ ಹೊರಗೆ ಲಂಗರು ಹಾಕಿದ ಹಡಗು, ಬೆಳಗಿನ ಜಾವ ಮೂರು ಗಂಟೆ, ಕಾಲ ಕೆಳಗೆ ಡೆಕ್ ತೂಗುತ್ತಿತ್ತು. ಹತ್ತು ಟ್ಯಾಂಕು ಅಳೆದಿದ್ದೆ. ಹನ್ನೊಂದನೆಯದು ಖಾಲಿ ಎಂದು ಚೀಫ್ ಎಂಜಿನಿಯರ್ ಹೇಳಿದ, ಬಿಸಿ ಚಹಾ ತರಿಸಿದ. ಟೇಪು ಇಳಿಸದೆಯೇ ಸೊನ್ನೆ ಎಂದು ಬರೆದು ಸಹಿ ಹಾಕಿದೆ. ಮುಂದಿನ ಬಂದರಿನ ಸರ್ವೇಯರ್ ಅದೇ ಟ್ಯಾಂಕಿನಲ್ಲಿ ನಲವತ್ತು ಟನ್ ಕಂಡ. ಬಚ್ಚಿಟ್ಟ ತೈಲವನ್ನು ಬಾರ್ಜಿಗೇ ಮರಳಿ ಮಾರುವ ದಂಧೆ ಆಗ ಜೋರಾಗಿತ್ತು. ನನ್ನನ್ನು ಯಾರೂ ಏನೂ ಕೇಳಲಿಲ್ಲ, ಸಂಬಳವೂ ನಿಲ್ಲಲಿಲ್ಲ. ಆ ಚಹಾಕ್ಕೆ ಶುಂಠಿ ಹಾಕಿದ್ದರು ಎಂಬುದು ಇವತ್ತಿಗೂ ನೆನಪಿದೆ.

ಇನ್ನು ಬಂಕಿನ ಕುಂದುಕೊರತೆ. ಗಾಳಿ ಹಾಕುವ ಯಂತ್ರ ಕೆಟ್ಟಿದೆ. ಶೌಚಾಲಯದ ಬೀಗದ ಕೈ ಯಾರ ಬಳಿ ಇದೆಯೋ ಆ ದೇವರಿಗೇ ಗೊತ್ತು. ಮಳೆ ಜೋರಾದರೆ ಚಪ್ಪರದ ನೀರು ನೇರ ಬೈಕಿನವರ ಬೆನ್ನಿಗೆ ಬೀಳುತ್ತದೆ. ಮೊಬೈಲಿನಲ್ಲಿ ಹಣ ಕಳಿಸಲು ಸಿಗ್ನಲ್ ಹುಡುಕಿ ರಸ್ತೆಯ ತನಕ ನಡೆಯಬೇಕು, ಚಿಲ್ಲರೆ ಹಿಡಿದು ಹೋಗಿ. ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ.

ಕಳೆದ ಗುರುವಾರ ಹೋದಾಗ ಎರಡನೆಯ ಪಂಪಿಗೆ ಗೋಣಿಚೀಲ ಮುಚ್ಚಿ 'ದುರಸ್ತಿಯಲ್ಲಿದೆ' ಎಂಬ ರಟ್ಟು ಕಟ್ಟಿದ್ದರು. ಇದ್ದ ಒಂದೇ ಪಂಪಿಗೆ ಸಾಲು ರಸ್ತೆಗೆ ಬಂದಿತ್ತು. 'ಚೆನ್ನಾಗಿ ಓಡುತ್ತಿದ್ದ ಪಂಪನ್ನು ಯಾಕೆ ನಿಲ್ಲಿಸಿದರೋ ಮಾರಾಯರೇ' ಎಂದು ಮುಂದಿದ್ದ ಪಿಕಪ್ಪಿನವರು ನನ್ನ ಕಡೆ ತಿರುಗಿ ಗೊಣಗಿದರು. ನಾನು ಕ್ಯಾನು ಕೆಳಗಿಟ್ಟು ಕೊಡೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡೆ.