ಹೆರಿಗೆ ನೋವಿಗೆ ಯಾವ ಚೆಂಡು? 75, 65, ಕಡಲೆಕಾಯಿ ಆಕಾರದ್ದು: ಮೂರನ್ನೂ ಬಳಸಿ ನೋಡಿದೆ

ಹೆರಿಗೆ ನೋವಿನಲ್ಲಿ ಮೇಲೆ ಕೂರಲು, ಒರಗಲು ಬಳಸುವ ಗಾಳಿ ತುಂಬಿದ ದೊಡ್ಡ ಚೆಂಡುಗಳಲ್ಲಿ ನನ್ನ ಓಟು 65 ಸೆಂಟಿಮೀಟರಿನ ಗುಂಡು ಚೆಂಡಿಗೆ. ಆದರೆ ನಾನು ಮೊದಲು ತರಿಸಿದ್ದು 75ರದ್ದು. ದೊಡ್ಡದಿದ್ದರೆ ಆರಾಮ ಜಾಸ್ತಿ ಅಂದುಕೊಂಡಿದ್ದೆ. ನನ್ನ ಎತ್ತರ 5 ಅಡಿ 4 ಇಂಚು. ಅದರ ಮೇಲೆ ಕೂತರೆ ಹಿಮ್ಮಡಿ ನೆಲಕ್ಕೆ ತಾಗುತ್ತಲೇ ಇರಲಿಲ್ಲ. ತವರಿನ ಕೆಂಪು ಸಿಮೆಂಟಿನ ನೆಲ ಬೇರೆ ನುಣುಪು. ಎಂಟನೇ ತಿಂಗಳಲ್ಲಿ ಅಮ್ಮ ಹಿಂದೆ ನಿಂತು ಭುಜ ಹಿಡಿದರೆ ಮಾತ್ರ ಧೈರ್ಯ. ಆ ಅಳತೆ ಸುಮಾರು 5 ಅಡಿ 8 ಇಂಚು ದಾಟಿದವರಿಗೆ.

65ರ ಮೇಲೆ ಎರಡೂ ಪಾದ ಪೂರ್ತಿ ಊರಿದವು. ಮಂಡಿ ಸೊಂಟಕ್ಕಿಂತ ಚೂರು ಕೆಳಗೆ ಬಂತು. ಹಾಗೇ ಬರಬೇಕು. ಕೆಳಗೆ ಯೋಗ ಮ್ಯಾಟ್ ಹಾಸಿದ ಮೇಲೆ ಜಾರುವ ಭಯವೂ ಹೋಯಿತು.

ತಲೆಕೆಟ್ಟಿದ್ದು ಗಾಳಿ ತುಂಬುವಾಗ. ಜೊತೆಗೆ ಬಂದ ಪುಟ್ಟ ಕೈ ಪಂಪಿನಲ್ಲಿ ನನ್ನ ಗಂಡ ಮುಕ್ಕಾಲು ಗಂಟೆ ಹೊಡೆದರು. ಗೋಡೆಯ ಮೇಲೆ 65 ಸೆಂಟಿಮೀಟರಿಗೆ ಪೆನ್ಸಿಲ್ ಗೆರೆ ಎಳೆದು, ಚೆಂಡಿನ ಮೇಲೆ ಸ್ಕೇಲ್ ಇಟ್ಟು ನೋಡಿದರೆ ನಾಲ್ಕು ಬೆರಳು ಕಡಿಮೆ. ಚೆಂಡು ಆಗಲೇ ಬಿಗಿಯಾಗಿತ್ತು. ಇದೂ ತಪ್ಪು ಸೈಜು ಬಂತು ಅಂತ ನನಗೆ ಅಳುವೇ ಬಂತು.

ತಪ್ಪು ಚೆಂಡಿನದಲ್ಲ. ಹೊಸ ಚೆಂಡು ಹಿಗ್ಗಲು ಒಂದು ದಿನ ಬಿಡಬೇಕು. ಮಾರನೇ ದಿನ ಮತ್ತೆ ಗಾಳಿ ಹೊಡೆದರೆ ಗೆರೆ ಮುಟ್ಟುತ್ತದೆ. ಆದರೆ ಅದಕ್ಕೆ ಗಾಳಿ ತೂತಿನ ಬಿರಡೆ ತೆಗೆಯಬೇಕಲ್ವಾ? ಬೆಣ್ಣೆ ಹಚ್ಚುವ ಚಾಕುವಿನ ಮೊಂಡು ತುದಿಯಿಂದ ಸುತ್ತಲೂ ನಿಧಾನಕ್ಕೆ ಎತ್ತಿದೆವು. ಪಂಪ್ ಎಳೆದ ಕೂಡಲೇ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು, ಬೆರಳು ಸರಿಸುತ್ತಲೇ ಬಿರಡೆ ತುರುಕಬೇಕು. ನಮಗೆ ಇದು ಕೈಗೆ ಹತ್ತಲು ಮೂರು ಸಲ ಬೇಕಾಯಿತು.

ನೋವು ಶುರುವಾದ ರಾತ್ರಿ ಈ ಚೆಂಡಿನ ಬೆಲೆ ಗೊತ್ತಾಯಿತು. ಮನೆಯಲ್ಲಿ ನಾಲ್ಕು ಗಂಟೆ ಅದರ ಮೇಲೆ ಕೂತು ಸೊಂಟ ತಿರುಗಿಸಿದೆ. ನೋವು ಏರಿದಾಗ ಮಂಡಿಯೂರಿ ಚೆಂಡನ್ನು ತಬ್ಬಿ ಮುಂದಕ್ಕೆ ಬಾಗುತ್ತಿದ್ದೆ. ಅಮ್ಮ ಸೊಂಟದ ಕೆಳಗೆ ಅಂಗೈ ಒತ್ತುತ್ತಿದ್ದಳು. ನೋವು ಹೋಗಲಿಲ್ಲ, ಆದರೆ ಬೆನ್ನಿನ ಹಿಡಿತ ಸಡಿಲವಾಯಿತು. ಹೆರಿಗೆಯ ಮೊದಲ ಹಂತದಲ್ಲಿ, ಅಂದರೆ ಗರ್ಭಕಂಠ ತೆರೆದುಕೊಳ್ಳುವಾಗ, ಮಲಗಿಯೇ ಇರುವ ಬದಲು ಎದ್ದು ಕೂತು, ಓಡಾಡಿದರೆ ಆ ಹಂತ ಸುಮಾರು ಒಂದು ಗಂಟೆ 22 ನಿಮಿಷ ಕಡಿಮೆಯಾಗುತ್ತದೆ ಎಂದು ಹಲವು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2013ರ ಕಾಕ್ರೇನ್ ವಿಮರ್ಶೆ ಹೇಳುತ್ತದೆ.

ಕಡಲೆಕಾಯಿ ಆಕಾರದ್ದು ಅಕ್ಕ ಕೊಟ್ಟಿದ್ದು. ಎಪಿಡ್ಯೂರಲ್ (ನೋವು ತಗ್ಗಿಸಲು ಬೆನ್ನಿಗೆ ಕೊಡುವ ಮದ್ದು) ತಗೊಂಡು ಮಗ್ಗುಲಾಗಿ ಮಲಗಿದಾಗ ಮಂಡಿಗಳ ನಡುವೆ ಇಡಲು ಅವಳಿಗೆ ತುಂಬಾ ಉಪಯೋಗವಾಗಿತ್ತು. ನಾನು ಎಪಿಡ್ಯೂರಲ್ ತಗೊಳ್ಳಲಿಲ್ಲ. ರಾತ್ರಿ ಮಲಗಲು ಬಳಸಿದೆ, ಆ ಕೆಲಸವನ್ನು ದಿಂಬೂ ಮಾಡುತ್ತಿತ್ತು.

ಎಪಿಡ್ಯೂರಲ್ ಖಚಿತ ಅಂತಿದ್ದರೆ ಕಡಲೆಕಾಯಿ ಚೆಂಡು ನೋಡಿ. ಇಲ್ಲದಿದ್ದರೆ 65, ಕುಳ್ಳಗಿದ್ದರೆ 55. ತೂತಾದರೂ ಸಿಡಿಯದೆ ನಿಧಾನಕ್ಕೆ ಗಾಳಿ ಬಿಡುವಂಥದ್ದೇ ಇರಲಿ. ರಕ್ತ ಹೋಗುತ್ತಿದ್ದರೆ, ಮಾಸು ಕೆಳಗಿದೆ ಎಂದಿದ್ದರೆ ಡಾಕ್ಟರನ್ನು ಕೇಳದೆ ಕೂರಬೇಡಿ. ಆಸ್ಪತ್ರೆಗೆ ಒಯ್ಯಲು ಬಿಡುತ್ತಾರಾ ಅಂತಲೂ ಮೊದಲೇ ಕೇಳಿ. ನನಗೆ ರೂಮಿನವರೆಗೆ ಬಿಟ್ಟರು, ಲೇಬರ್ ವಾರ್ಡಿಗೆ ಬಿಡಲಿಲ್ಲ. 75ರ ಚೆಂಡಿಗೆ ಸುರಿದ ದುಡ್ಡಿನಲ್ಲಿ ಕಾಲಲ್ಲಿ ತುಳಿಯುವ ಪಂಪ್ ಬರುತ್ತಿತ್ತು.